ಕಾಲುಚೀಲ ಕಟ್ಟಿ ಕಲಿತ ಇಂಗ್ಲಿಷು

ಹೋದ ತಿಂಗಳು ಕಕ್ಕಬೆಗೆ ಒಂದು ತಿಥಿ ಊಟಕ್ಕೆ ಹೋಗಿದ್ದೆ. ಊಟ ಮುಗಿಸಿ ವಾಪಸು ಗೋಣಿಕೊಪ್ಪಲಿಗೆ ಬರೋಕೆ ಬಸ್ಸು ಕಾಯ್ತಾ ಅಂಗಡಿ ಜಗಲಿಯಲ್ಲಿ ಕೂತಿದ್ದೆ. ಮಳೆ ಹಿಡಿದುಕೊಂಡಿತ್ತು. ಒಳಗೆ ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತೆಗೆದ. ನಶ್ಯದ ಘಾಟು ಸೀದಾ ಮೂಗಿಗೆ ಹೊಡೀತು. ಬೇರೆಯವರಿಗೆ ಸೀನು ಬರುತ್ತೆ. ನನಗೆ ಸಿಟ್ಟು ಬಂತು.

ತಿರುಗಿ ನೋಡಿದರೆ ಹೈಸ್ಕೂಲು ಯೂನಿಫಾರ್ಮು ಹಾಕಿದ ಎರಡು ಹೆಣ್ಣುಮಕ್ಕಳು. ಇಬ್ಬರಿಗೂ ಸೇರಿ ಒಂದು ಕೊಡೆ. ಅಂಗಡಿಯವನು ನಶ್ಯ ತೂಗಿ ಪೇಪರಿನಲ್ಲಿ ಕಟ್ಟಿ ಅವರ ಕೈಗೆ ಕೊಟ್ಟ.

“ಇಷ್ಟೊಂದು ನಶ್ಯ ಯಾರಿಗಮ್ಮಾ? ನಿಮ್ಮಜ್ಜನ ಮೂಗು ಅಷ್ಟು ದೊಡ್ಡದಾ?” ಅಂತ ಕೇಳಿದೆ.

ನಕ್ಕವು. “ಹೋಂಸ್ಟೇಗೆ ಅಜ್ಜಿ. ಗೆಸ್ಟುಗಳ ಸಾಕ್ಸಿಗೆ ಹಚ್ಚೋಕೆ. ಜಿಗಣೆ ಹತ್ತಬಾರದಲ್ಲ.”

“ಹಚ್ಚೋರು ಯಾರು?”

“ನಾವೇ. ಶನಿವಾರ ಭಾನುವಾರ ಹೋಗ್ತೀವಿ. ಇಂಗ್ಲಿಷ್ ಕಲಿಯೋಕೆ.”

ಯಾವ ಹೋಂಸ್ಟೇ ಅಂತ ಕೇಳಿದೆ. ನಾನು ಹಿಂದೆ ಅಡುಗೆಗಿದ್ದ ಅದೇ ಬಂಗಲೆ. ಬೋರ್ಡಿಗೆ ಹೊಸ ಬಣ್ಣ ಹೊಡೆದಿದ್ದಾರಂತೆ, ಅಷ್ಟೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಶನಿವಾರಸಂತೆ ಕಡೆ ತವರಿನಲ್ಲಿ, ದನ ಮೇಯಿಸೋದು ಬಿಟ್ಟು ಉಳಿದ ಹೊತ್ತಿನಲ್ಲಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ಕೂತು ಬರೀತಿದ್ದೀನಿ. ಬಾಯಲ್ಲಿ ಹೇಳಿದರೆ ಜನ ಅರ್ಧಕ್ಕೇ ನಕ್ಕು, “ಅಯ್ಯೋ ಗೌರಮ್ಮ, ಮಕ್ಕಳು ನಾಲ್ಕು ಮಾತು ಕಲಿತರೆ ನಿನಗೇನು ಕಷ್ಟ” ಅಂತಾರೆ. ಬರೆದರೆ ಮಧ್ಯೆ ಬಾಯಿ ಹಾಕೋಕೆ ಆಗಲ್ಲ.

ನನ್ನ ಮೊಮ್ಮಗಳು ಚೈತ್ರ ಹತ್ತನೇ ಕ್ಲಾಸಿಗೆ ಬಂದ ವರ್ಷದ ಮಳೆಗಾಲ ಅದು. ನಾವಾಗ ಕಕ್ಕಬೆ ಹತ್ತಿರ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿದ್ದೆವು. ನಾನು, ನನ್ನ ಮಗಳು ಸರೋಜ, ಅವಳ ಮಗಳು ಈ ಚೈತ್ರ. ಸರೋಜ ತೋಟದ ಕೆಲಸಕ್ಕೆ ಹೋಗ್ತಿದ್ದಳು. ನಾನು ಮೇಲಿನ ಬಂಗಲೆಯಲ್ಲಿ ಅಡುಗೆ. ಮಾಲೀಕರು ಬಂಗಲೆಯನ್ನ ಹೋಂಸ್ಟೇ ಮಾಡೋಕೆ ರಾಜೀವ ಅನ್ನೋನಿಗೆ ಲೀಸಿಗೆ ಕೊಟ್ಟಿದ್ದರು. ಅವನು ಈ ಕಡೆಯವನಲ್ಲ. ಮಾತು ಬೆಣ್ಣೆ. ಅವನು ಬೈದರೂ ಹೊಗಳಿದ ಹಾಗೇ ಕೇಳಿಸೋದು.

ಚೈತ್ರನಿಗೆ ಭಾಷೆಗೇನೂ ಬರ ಇರಲಿಲ್ಲ. ಲೈನಿನಲ್ಲಿ ಬೆಳೆದ ಮಗು. ಎಡಗಡೆ ಮನೆಯಲ್ಲಿ ಮಲಯಾಳ, ಬಲಗಡೆ ಮನೆಯಲ್ಲಿ ತಮಿಳು, ನಮ್ಮಲ್ಲಿ ಕನ್ನಡ, ತೋಟದ ಲೆಕ್ಕ ಬರೆಯೋ ರೈಟರ ಹೆಂಡತಿಯ ಹತ್ತಿರ ಮೊಟ್ಟೆ ಕೇಳೋಕೆ ಹೋದರೆ ಕೊಡವ ಭಾಷೆ. ಯಾವ ಮನೆ ಬಾಗಿಲಿಗೆ ನಿಂತರೆ ಆ ಭಾಷೆ ತಾನಾಗೇ ಬಾಯಿಗೆ ಬರೋದು. ಯಾರೂ ಕಲಿಸಿರಲಿಲ್ಲ. ಆಡಿದಳು, ಜಗಳ ಆಡಿದಳು, ಬಂತು.

ಇಂಗ್ಲಿಷು ಮಾತ್ರ ಬರಲಿಲ್ಲ. ಬರೋದು ಹೇಗೆ? ಇಂಗ್ಲಿಷಿನಲ್ಲಿ ಜಗಳ ಆಡೋಕೆ ನಮ್ಮ ಲೈನಿನಲ್ಲಿ ಯಾರಿದ್ದರು? ಅದು ಪುಸ್ತಕದಲ್ಲಿ ಮಾತ್ರ ಇತ್ತು. ಹೈಸ್ಕೂಲಿನಲ್ಲಿ ಸುಮತಿ ಟೀಚರ್ ಪಾಠ ಓದೋರು, ಕನ್ನಡದಲ್ಲಿ ಅರ್ಥ ಹೇಳೋರು, ಪ್ರಶ್ನೆಗಳಿಗೆ ಉತ್ತರ ಬೋರ್ಡಿನ ಮೇಲೆ ಬರೆಯೋರು. ಮಕ್ಕಳು ಅದನ್ನ ಉರು ಹೊಡೆಯೋವು. ಪರೀಕ್ಷೆಯಲ್ಲಿ ಪ್ರಶ್ನೆಯನ್ನ ಒಂಚೂರು ತಿರುಗಿಸಿ ಕೇಳಿದರೆ ಎಲ್ಲವೂ ಕಲ್ಲು. ಚೈತ್ರ ಅಂತೂ ಇಂಗ್ಲಿಷ್ ಪರೀಕ್ಷೆ ದಿನ ತಿಂದಿದ್ದನ್ನೆಲ್ಲ ವಾಂತಿ ಮಾಡ್ಕೊಳ್ಳೋಳು.

ಅವಳಿಗೆ ನರ್ಸ್ ಆಗೋ ಆಸೆ. ಹತ್ತರಲ್ಲಿ ಇಂಗ್ಲಿಷ್ ಹೋದರೆ ಪಿಯುಸಿ ಇಲ್ಲ, ಪಿಯುಸಿ ಇಲ್ಲದಿದ್ದರೆ ನರ್ಸಿಂಗ್ ಇಲ್ಲ, ನರ್ಸಿಂಗ್ ಇಲ್ಲದಿದ್ದರೆ ಅಮ್ಮನ ಹಿಂದೆ ಬುಟ್ಟಿ ಕಟ್ಟಿಕೊಂಡು ತೋಟ. ಇದು ನಮಗೆ ಮೂವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ.

ಶಾಲೆ ಶುರುವಾದ ವಾರ ರಾಜೀವ ಹೈಸ್ಕೂಲಿಗೆ ಹೋಗಿ ಭಾಷಣ ಮಾಡಿದ. “ಭಾಷೆ ಪುಸ್ತಕದಿಂದ ಬರಲ್ಲ, ಬಾಯಿಂದ ಬರುತ್ತೆ. ನಮ್ಮಲ್ಲಿಗೆ ಇಂಗ್ಲಿಷ್ ಮಾತಾಡೋ ಗೆಸ್ಟುಗಳು ಬರ್ತಾನೇ ಇರ್ತಾರೆ. ಮಕ್ಕಳನ್ನ ವಾರದ ಕೊನೆಗೆ ಕಳಿಸಿ, ಕೂತು ಮಾತಾಡಲಿ. ಪೂರ್ತಿ ಫ್ರೀ” ಅಂದ. ಫ್ರೀ ಅಂದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದರಂತೆ. ಸುಮತಿ ಟೀಚರ್ ನಾಲ್ಕು ಮಕ್ಕಳನ್ನ ಆರಿಸಿದರು, ಅದರಲ್ಲಿ ಚೈತ್ರ ಒಬ್ಬಳು. ಅಲ್ಲಿ ಅಡುಗೆಮನೆಯಲ್ಲಿ ಅಜ್ಜಿ ಇದ್ದಾಳಲ್ಲ, ಭಯ ಇಲ್ಲ ಅಂತ.

ಮೊದಲ ಎರಡು ವಾರ ಆ ಮಾತು ನಿಜವೇ ಆಗಿತ್ತು, ಸುಳ್ಳು ಹೇಳಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿದರು. ಒಬ್ಬರು ವಯಸ್ಸಾದ ಹೆಂಗಸು ಗೆಸ್ಟು ಬಂದಿದ್ದರು. ಮಕ್ಕಳನ್ನ ಎದುರಿಗೆ ಕೂರಿಸಿಕೊಂಡು ಏನೇನೋ ಕೇಳಿದರು, ಕಾದರು, ತಪ್ಪು ಹೇಳಿದರೂ ತಲೆಯಾಡಿಸಿದರು. ಚೈತ್ರ ಅಡುಗೆಮನೆಗೆ ಓಡಿ ಬಂದು, “ಅಜ್ಜಿ, ಅವರು ಮಾತಾಡಿದ್ದು ನನಗೆ ಅರ್ಥ ಆಯ್ತು! ಪುಸ್ತಕದಲ್ಲಿ ಇಲ್ಲದೇ ಇರೋದು!” ಅಂತ ನನ್ನ ಸೆರಗು ಎಳೆದಳು. ಅವಳ ಮುಖ ಹಾಗಿದ್ದಿದ್ದು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದಕ್ಕೇ ಹೆಚ್ಚು ಸಿಟ್ಟು ನನಗೆ. ಮೊದಲು ರುಚಿ ತೋರಿಸಿ ಆಮೇಲೆ ತಟ್ಟೆ ಎಳೆದುಕೊಂಡ.

ಆಮೇಲೆ ಮಳೆ ಬಲವಾಯ್ತು. ಹೋಂಸ್ಟೇಯಲ್ಲಿ ಕೆಲಸಕ್ಕಿದ್ದ ಇಬ್ಬರು ಅಸ್ಸಾಮಿನ ಹುಡುಗರು ಊರಿಗೆ ಹೋದವರು ವಾಪಸು ಬರಲೇ ಇಲ್ಲ. ಮಾರನೇ ಶನಿವಾರ ಜಗಲಿಯ ಕುರ್ಚಿಗಳು ಒಳಗೆ ಹೋದವು. ಮಕ್ಕಳ ಕೈಗೆ ಕೊಡೆ ಬಂತು, ಬಿಸಿನೀರಿನ ಬಕೆಟ್ಟು ಬಂತು, ಆಮೇಲೆ ನಶ್ಯ ಬಂತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೆ ಕಾಲಿಟ್ಟರೆ ಜಿಗಣೆ. ನಾವು ಬರಿಗಾಲಲ್ಲಿ ಹೋಗ್ತೀವಿ, ಹತ್ತಿದರೆ ಕಿತ್ತು ಬಿಸಾಕ್ತೀವಿ. ಬೆಟ್ಟ ಹತ್ತೋಕೆ ಬರೋ ಗೆಸ್ಟುಗಳಿಗೆ ಮಾತ್ರ ಮೊಣಕಾಲಿನವರೆಗೆ ಬರೋ ಬಟ್ಟೆಯ ಕಾಲುಚೀಲ. ಅದರ ಮೇಲೆ ಒದ್ದೆ ಕೈಯಲ್ಲಿ ನಶ್ಯ ತಿಕ್ಕಿ, ಮೇಲೆ ದಾರ ಬಿಗಿದು ಕಟ್ಟಬೇಕು. ಅದು ಮಕ್ಕಳ ಕೆಲಸ ಆಯ್ತು.

ಮೊದಲ ಸಲ ನಾನು ನೋಡಿದ್ದು ಅಡುಗೆಮನೆ ಕಿಟಕಿಯಿಂದ. ಮೆಟ್ಟಿಲ ಮೇಲೆ ಒಬ್ಬ ಗಂಡಸು ಕೂತಿದ್ದ. ಕೈಯಲ್ಲಿ ಮೊಬೈಲು, ಕಣ್ಣು ಮೊಬೈಲಿನಲ್ಲಿ, ಒಂದು ಕಾಲು ಮುಂದಕ್ಕೆ ಚಾಚಿದ್ದ. ಕೆಳಗೆ ನನ್ನ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂತು ಆ ಕಾಲನ್ನ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ದಾರ ಕಟ್ಟುತ್ತಿದ್ದಳು. ಕಟ್ಟಿ ಆದಮೇಲೆ ತಲೆ ಎತ್ತಿ, “ಅದರ್ ಲೆಗ್ ಸರ್” ಅಂದಳು. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ ಇನ್ನೊಂದು ಕಾಲು ಚಾಚಿದ.

ಕಡಬಿನ ಹಿಟ್ಟು ತಿರುವುತ್ತಿದ್ದ ಸೌಟು ಹಾಗೇ ಹಿಡ್ಕೊಂಡು ರಾಜೀವನ ಹತ್ತಿರ ಹೋದೆ. “ಏನ್ ಸಾರ್ ಇದು? ಕೂತು ಮಾತಾಡ್ತಾರೆ ಅಂದಿರಿ. ಕಾಲು ಹಿಡಿಸ್ತಿದ್ದೀರಿ.”

“ಇದೇ ಗೌರಮ್ಮ ಪ್ರಾಕ್ಟಿಕಲ್ಲು” ಅಂತ ನಕ್ಕ. “ಒಬ್ಬೊಬ್ಬ ಗೆಸ್ಟಿನ ಹತ್ತಿರ ಎರಡೆರಡು ಮಾತು. ದಿನಕ್ಕೆ ಎಷ್ಟಾಯ್ತು ನೋಡಿ. ಪಟ್ಟಣದಲ್ಲಿ ಇದಕ್ಕೆ ದುಡ್ಡು ಕೊಟ್ಟು ಹೋಗ್ತಾರೆ.”

“ಕಾಲು ಹಿಡಿಯೋಕೆ ದುಡ್ಡು ಕೊಡ್ತಾರಾ?”

“ನಿಮಗೆ ಅರ್ಥ ಆಗಲ್ಲ ಬಿಡಿ” ಅಂದ. “ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬರ್ತಿದೆ ನೋಡಿ.”

ಗೆಸ್ಟುಗಳ ಜೀಪು ಬರೋ ಮುಂಚೆ ಅವನು ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಪಾಠ ಹೇಳಿಸೋನು. ವೆಲ್ಕಮ್ ಸರ್. ವಾಚ್ ಯುವರ್ ಸ್ಟೆಪ್ ಮೇಡಮ್. ಹಾಟ್ ವಾಟರ್ ರೆಡಿ ಸರ್. ಒನ್ ಮಿನಿಟ್ ಸರ್. ಅದರ್ ಲೆಗ್ ಸರ್. ಇಷ್ಟೇ. ಕೇಳಿ ಕೇಳಿ ನನಗೇ ಬಾಯಿಗೆ ಬಂದಿತ್ತು. ಅವನದ್ದೊಂದು ಕಟ್ಟಪ್ಪಣೆಯೂ ಇತ್ತು: ಗೆಸ್ಟಿಗೆ ಯಾವತ್ತೂ ನೋ ಅನ್ನಬಾರದು. ಆಗದಿದ್ದರೆ ಒನ್ ಮಿನಿಟ್ ಸರ್ ಅನ್ನಬೇಕು, ಗೊತ್ತಿಲ್ಲದಿದ್ದರೂ ಒನ್ ಮಿನಿಟ್ ಸರ್.

ಮನೆಗೆ ಬಂದು ಚೈತ್ರನಿಗೆ ಹೇಳಿದೆ, ನಾಳೆಯಿಂದ ಬರಬೇಡ ಅಂತ. ನನ್ನ ಮೇಲೇ ಹಾರಿ ಬಿದ್ದಳು.

“ನೀನು ಸುಮ್ಮನಿರಜ್ಜಿ. ಈಗ ನನಗೆ ಇಂಗ್ಲಿಷಿನವರನ್ನ ಕಂಡರೆ ಭಯ ಇಲ್ಲ. ನೀನು ಅವರ ಎಂಜಲು ತಟ್ಟೆ ತೊಳೆಯಲ್ವಾ? ನಾನು ಸಾಕ್ಸು ಹಾಕಿದರೆ ಏನಾಯ್ತು?”

“ನನಗೆ ಅವನು ಸಂಬಳ ಕೊಡ್ತಾನೆ ಕಣೇ. ನಿನಗೆ ಏನು ಕೊಡ್ತಾನೆ?”

“ಇಂಗ್ಲಿಷ್.”

“ಎಲ್ಲಿ, ತೋರಿಸು.”

ಬಾಯಿ ತೆರೆದಳು. ವೆಲ್ಕಮ್ ಸರ್ ಅನ್ನೋದು ಬಿಟ್ಟು ಬೇರೆ ಏನಾದರೂ ಬರುತ್ತಾ ಅಂತ ನಾನೂ ಕಾದೆ. ಸರೋಜ ಒಲೆ ಮುಂದಿನಿಂದ, “ಬಿಡಮ್ಮ, ಟೀಚರೇ ಕಳಿಸಿರೋದು. ಅವರಿಗಿಂತ ನಿನಗೆ ಗೊತ್ತಾ?” ಅಂದಳು. ಬಾಯಿ ಮುಚ್ಚಿಕೊಂಡೆ. ಆದರೆ ಸಿಟ್ಟು ಮುಚ್ಚಲಿಲ್ಲ.

ಆಷಾಢದ ಹೊತ್ತಿಗೆ ಬರೋ ಕಕ್ಕಡ ತಿಂಗಳು ಬಂತು. ನಮ್ಮ ಕೊಡಗಿನಲ್ಲಿ ಕಕ್ಕಡದ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಮಾಡಬೇಕು. ಕಾಡಿನಲ್ಲಿ ಬೆಳೆಯೋ ಗಿಡ, ಆ ದಿನಕ್ಕೆ ಅದರಲ್ಲಿ ಎಲ್ಲ ಔಷಧಿಯೂ ತುಂಬಿರುತ್ತೆ ಅಂತ ನಂಬಿಕೆ. ಕಾಂಡ ಎಲೆ ಎಲ್ಲ ಬೇಯಿಸಿದರೆ ನೇರಳೆ ಬಣ್ಣದ ರಸ ಬಿಡುತ್ತೆ, ಅದರಲ್ಲಿ ಅಕ್ಕಿ ಬೆಲ್ಲ ಹಾಕಿ ಪಾಯಸ. ತಿಂದ ಮಾರನೇ ದಿನ ಉಚ್ಚೆ ಕೆಂಪಗೆ ಬರುತ್ತೆ. ಇಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಲೈನಿನ ಮಕ್ಕಳು ಅವತ್ತು ಬೆಳಿಗ್ಗೆ ಯಾರದ್ದು ಹೆಚ್ಚು ಕೆಂಪು ಅಂತ ಪಂದ್ಯ ಕಟ್ಟೋವು.

ಆ ಸಲ ದೂರದ ಊರಿನ ಒಂದು ದೊಡ್ಡ ಗುಂಪು ಬಂದಿತ್ತು. ರಾಜೀವ ಅವರಿಗೆ ಕೊಡಗಿನ ವಿಶೇಷ ಅಂತ ಮದ್ದುಸೊಪ್ಪಿನ ಪಾಯಸ ಮಾಡಿಸಿದ. ಏನೇನೋ ಹೇಳಿ ಬಡಿಸಿದ, ಮುಖ್ಯವಾದದ್ದು ಹೇಳೋದು ಮರೆತ. ಮಾರನೇ ಬೆಳಿಗ್ಗೆ ಎದ್ದವನೇ ಜೀಪು ತಗೊಂಡು ನಾಪೋಕ್ಲಿಗೆ ಹೋದ.

ಬಚ್ಚಲಿನಿಂದ ಒಬ್ಬ ಗಂಡಸು “ಬ್ಲಡ್! ಬ್ಲಡ್!” ಅಂತ ಕಿರುಚಿಕೊಂಡು ಹೊರಗೆ ಬಂದ. ರಕ್ತ ಅಂತ ನನಗೂ ಗೊತ್ತಾಯ್ತು. ಎದುರಿಗೆ ಚೈತ್ರ ಬಿಸಿನೀರಿನ ಬಕೆಟ್ಟು ಹಿಡಿದು ನಿಂತಿದ್ದಳು. ಅವನು ಅವಳ ಮೇಲೇ ಎರಗಿದ. ಏನು ತಿನ್ನಿಸಿದ್ದೀರಿ ನಮಗೆ, ಹೇಳು, ಏನು ತಿನ್ನಿಸಿದಿರಿ ಅಂತ ಕೇಳಿದ್ದಂತೆ, ಚೈತ್ರ ಆಮೇಲೆ ಹೇಳಿದಳು.

ಅವಳಿಗೆ ಉತ್ತರ ಗೊತ್ತಿತ್ತು. ಕನ್ನಡದಲ್ಲಿ ಹೇಳೋಳು, ಮಲಯಾಳದಲ್ಲಿ ಹೇಳೋಳು, ತಮಿಳಿನಲ್ಲಿ ತಮಾಷೆ ಸೇರಿಸಿ ಹೇಳೋಳು. ಇಂಗ್ಲಿಷಿನಲ್ಲಿ, “ಒನ್ ಮಿನಿಟ್ ಸರ್” ಅಂದಳು.

“ವಾಟ್ ಒನ್ ಮಿನಿಟ್!” ಅಂತ ಅವನು ಇನ್ನೂ ಜೋರು ಮಾಡಿದ.

ಅವಳು ಬಕೆಟ್ಟು ಮುಂದಕ್ಕೆ ಹಿಡಿದು, “ಹಾಟ್ ವಾಟರ್ ರೆಡಿ ಸರ್” ಅಂದಳು.

ನಾನು ಮಿಕ್ಕಿದ್ದ ಮದ್ದುಸೊಪ್ಪಿನ ಕಡ್ಡಿ ಹಿಡ್ಕೊಂಡು ಓಡಿದೆ. ಸೊಪ್ಪು ತೋರಿಸಿದೆ, ಬಾಯಿ ತೋರಿಸಿದೆ, ಹೊಟ್ಟೆ ತೋರಿಸಿದೆ, ಅದಕ್ಕೂ ಕೆಳಗೆ ತೋರಿಸಿದೆ. ಅವನು ನನ್ನನ್ನ ಮಾಟ ಮಾಡೋಳು ಅಂದುಕೊಂಡನೋ ಏನೋ, ರೂಮಿಗೆ ಹೋಗಿ ಚಿಲಕ ಹಾಕಿಕೊಂಡ.

ರಾಜೀವ ಬಂದು ವಿಷಯ ಹೇಳಿದ ಮೇಲೆ ಗುಂಪಿಗೆ ಗುಂಪೇ ಬಿದ್ದು ಬಿದ್ದು ನಕ್ಕಿತು. ಸರಿ, ನಗಲಿ. ನಗೋ ವಿಷಯವೇ. ಆದರೆ ಅವನು ಅಲ್ಲಿಗೆ ಬಿಡಲಿಲ್ಲ. ಚೈತ್ರನನ್ನ ಕರೆದು ಎಲ್ಲರ ಮುಂದೆ ನಿಲ್ಲಿಸಿ, “ಸೇ ಸಾರಿ” ಅಂದ. ಹೇಳೋದು ಮರೆತಿದ್ದು ಅವನು. ಸಾರಿ ಕೇಳಿದ್ದು ಇವಳು. “ಸಾರಿ ಸರ್. ಸಾರಿ ಮೇಡಮ್. ಸಾರಿ ಸರ್” ಅಂತ ಒಬ್ಬೊಬ್ಬರಿಗೂ ಹೇಳಿದಳು. ಒಬ್ಬಳು ಅದನ್ನೂ ಮೊಬೈಲಿನಲ್ಲಿ ತೆಗೆದುಕೊಂಡಳು.

ಸೋಮವಾರ ಮಳೆಯಲ್ಲೇ ಹೈಸ್ಕೂಲಿಗೆ ಹೋದೆ. ಸುಮತಿ ಟೀಚರು ವೆರಾಂಡದಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ಎಲ್ಲ ಹೇಳಿದೆ. ಉಚ್ಚೆಯಿಂದ ಹಿಡಿದು ಸಾರಿವರೆಗೆ. ಅವರು ತಲೆ ಎತ್ತಲಿಲ್ಲ.

“ನಾನೇ ಹೇಳಿಕಳಿಸಬೇಕು ಅಂತಿದ್ದೆ ಅಜ್ಜಿ. ಕಿರುಪರೀಕ್ಷೆಯಲ್ಲಿ ಚೈತ್ರ ಫೇಲು. ಸ್ವಂತವಾಗಿ ಬರೆಯೋ ಜಾಗ ಪೂರ್ತಿ ಖಾಲಿ ಬಿಟ್ಟಿದ್ದಾಳೆ. ಮೊದಲಾದರೂ ಶನಿವಾರ ಭಾನುವಾರ ಕೂತು ಓದೋಳು.”

“ಮತ್ತೆ ಕಳಿಸಿದ್ದು ಯಾಕೆ?”

ಟೀಚರ್ ಪೆನ್ನು ಕೆಳಗಿಟ್ಟರು. ಆಮೇಲೆ, “ನಾನೂ ಕನ್ನಡ ಮೀಡಿಯಂನಲ್ಲಿ ಓದಿದವಳು. ಇಂಗ್ಲಿಷ್ ಓದ್ತೀನಿ, ಬರೀತೀನಿ, ಮಾತಾಡೋಕೆ ನನಗೂ ಭಯ. ಅವರು ಬಂದು ಪಟಪಟ ಅಂತ ಮಾತಾಡಿದಾಗ ನನ್ನಿಂದ ಆಗದ್ದು ಅವರಿಂದಾದರೂ ಆಗಲಿ ಅನ್ನಿಸ್ತು” ಅಂದರು.

ನನಗೆ ಅವರ ಮೇಲೆ ಅಯ್ಯೋ ಅನ್ನಿಸಲಿಲ್ಲ. ಈಗಲೂ ಅನ್ನಿಸಲ್ಲ. “ಭಯ ಇದ್ದರೆ ಭಯ ಅಂತ ಹೇಳಬೇಕಿತ್ತು ಟೀಚರೇ. ಮಕ್ಕಳನ್ನ ಕರ್ಕೊಂಡು ಹೋಗಿ ಕಂಡವರ ಕಾಲ ಬುಡದಲ್ಲಿ ಕೂರಿಸೋದಲ್ಲ. ನಮ್ಮ ಹುಡುಗಿ ಮಲಯಾಳ ಕಲಿಯೋಕೆ ಯಾರ ಕಾಲೂ ಹಿಡಿದಿಲ್ಲ. ತಮಿಳು ಕಲಿಯೋಕೆ ಹಿಡಿದಿಲ್ಲ. ಇದ್ಯಾವ ಭಾಷೆ, ಕಾಲು ಹಿಡಿದರೆ ಮಾತ್ರ ಬರೋದು?”

ಅಷ್ಟರಲ್ಲಿ ಚೈತ್ರ ಕ್ಲಾಸಿನ ಬಾಗಿಲಿಗೆ ಬಂದು ನಿಂತಿದ್ದಳು. ಕಣ್ಣು ಊದಿತ್ತು. ನನ್ನ ಕಡೆ ನೋಡಲಿಲ್ಲ. ಟೀಚರನ್ನ ಕೇಳಿದಳು:

“ಟೀಚರ್, ಮದ್ದುಸೊಪ್ಪು ತಿಂದರೆ ಉಚ್ಚೆ ಕೆಂಪಾಗುತ್ತೆ, ಹೆದರಬೇಡಿ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕು?”

ಒಳಗೆ ಇಡೀ ಕ್ಲಾಸು ಗೊಳ್ಳೆಂದಿತು. ಟೀಚರ್ ನಗಲಿಲ್ಲ. ಎದ್ದು ಒಳಗೆ ಹೋಗಿ ಬೋರ್ಡಿನ ಮೇಲೆ ಬರೆದರು, ಅಳಿಸಿದರು, ಡಿಕ್ಷನರಿ ತೆಗೆಸಿದರು, ಮತ್ತೆ ಬರೆದರು. ಆಮೇಲೆ ಅವರೇ ಗಟ್ಟಿಯಾಗಿ ಓದಿದರು. ಅವರಿಗೂ ಮಧ್ಯೆ ಮಧ್ಯೆ ತಡೀತು, ಮತ್ತೆ ಮೊದಲಿಂದ ಓದಿದರು. ಮಕ್ಕಳೆಲ್ಲ ಅವರ ಹಿಂದೆ ಹೇಳಿದವು. ನಾನು ಒದ್ದೆ ಸೀರೆಯಲ್ಲಿ ವೆರಾಂಡದಲ್ಲೇ ನಿಂತು ಕೇಳಿದೆ.

ಅವತ್ತಿಂದ ಅವಳಿಗೆ ಅದೇ ಅಭ್ಯಾಸ ಆಯ್ತು. ತನಗೆ ಹೇಳಬೇಕು ಅನ್ನಿಸಿದ್ದನ್ನ ಟೀಚರ ಹತ್ತಿರ ಇಂಗ್ಲಿಷಿನಲ್ಲಿ ಕೇಳೋದು. ನಮ್ಮ ಸೂರು ಸೋರ್ತಿದೆ. ನಮ್ಮಜ್ಜಿ ಬಾಯಿ ಜೋರು. ಅಮ್ಮನ ಕಾಲಿಗೆ ಹುಣ್ಣಾಗಿದೆ. ಮನೆಗೆ ಬಂದು ಅದನ್ನೇ ಗೋಡೆಗೆ ಹೇಳೋಳು, ಬೆಕ್ಕಿಗೆ ಹೇಳೋಳು.

ಭಾನುವಾರ ಮತ್ತೆ ಬಂಗಲೆಗೆ ಹೊರಟಳು. ನಾನು ಅಡ್ಡ ನಿಂತೆ. “ಇವತ್ತೊಂದಿನ ಅಜ್ಜಿ” ಅಂದಳು. ಅವಳ ದವಡೆ ಬಿಗಿದಿದ್ದು ನೋಡಿ ದಾರಿ ಬಿಟ್ಟೆ.

ಮೆಟ್ಟಿಲ ಮೇಲೆ ಒಬ್ಬ ಕೂತು ಕಾಲು ಚಾಚಿದ. ಚೈತ್ರ ಕಾಲುಚೀಲವನ್ನೂ ನಶ್ಯದ ಬಟ್ಟಲನ್ನೂ ಅವನ ಪಕ್ಕದಲ್ಲಿ ಇಟ್ಟಳು. ಕೂರಲಿಲ್ಲ. ನಿಂತೇ ಹೇಳಿದಳು:

“ಪ್ಲೀಸ್ ವೇರ್ ಯುವರ್ ಓನ್ ಸಾಕ್ಸ್ ಸರ್. ಐ ವಿಲ್ ಶೋ ಯು.”

ನಿಮ್ಮ ಸಾಕ್ಸು ನೀವೇ ಹಾಕಿಕೊಳ್ಳಿ, ಹೇಗೆ ಅಂತ ತೋರಿಸ್ತೀನಿ ಅಂತ. ನಾನು ಕಿಟಕಿ ಹತ್ತಿರ ನೋಡ್ತಾ ನಿಂತೆ. ಅವನು ಮೊಬೈಲಿನಿಂದ ತಲೆ ಎತ್ತಿದ. “ಓ, ಶೂರ್” ಅಂದ. ಬಗ್ಗಿದ. ಹಾಕಿಕೊಂಡ.

ಅಷ್ಟೇ! ಬೈಯಲಿಲ್ಲ, ಮುನಿಯಲಿಲ್ಲ, ಬೆಟ್ಟಕ್ಕೆ ಹೋಗೋದು ಬಿಡಲಿಲ್ಲ. ಒಂದೇ ಒಂದು ಮಾತು ಸಾಕಾಗಿತ್ತು. ಆ ಮಾತನ್ನ ಯಾರೂ ಕಲಿಸದೆ ನಾಲ್ಕು ಮಕ್ಕಳು ಮಳೆಗಾಲವೆಲ್ಲ ನೆಲದ ಮೇಲೆ ಕೂತಿದ್ದವು. ಅವನು ಕೂಗಾಡಿದ್ದರೆ ನನಗೆ ಇಷ್ಟು ಹೊಟ್ಟೆ ಉರೀತಿರಲಿಲ್ಲ.

ಕೂಗಾಡಿದ್ದು ರಾಜೀವ. ಗೆಸ್ಟುಗಳು ಬೆಟ್ಟ ಹತ್ತೋಕೆ ಹೋದ ಮೇಲೆ, ಬೆಣ್ಣೆ ಎಲ್ಲ ಕರಗಿ ಹೋಗಿತ್ತು. “ಯಾರು ಹೇಳಿಕೊಟ್ಟಿದ್ದು ಇದನ್ನ? ನಾನಾ?”

“ಅದೇ ಸಾರ್ ತಪ್ಪಾಗಿದ್ದು” ಅಂದೆ. “ನೀವು ಹೇಳಿಕೊಡಲಿಲ್ಲ.”

ಅಜ್ಜಿ ಮೊಮ್ಮಗಳು ಇಬ್ಬರೂ ನಾಳೆಯಿಂದ ಬರಬೇಡಿ ಅಂದ. ನನ್ನ ಕತ್ತಿ, ನನ್ನ ಕಡಬಿನ ಪಾತ್ರೆ ತಗೊಂಡು ಇಳಿದು ಬಂದೆ. ದಾರಿಯಲ್ಲಿ ಚೈತ್ರ, “ನಿನ್ನ ಕೆಲಸ ಹೋಯ್ತಲ್ಲಜ್ಜಿ” ಅಂತ ಅತ್ತಳು. “ನನಗೆ ಅನ್ನ ಬೇಯಿಸೋಕೆ ಬರುತ್ತೆ, ಎಲ್ಲಾದರೂ ಬೇಯಿಸ್ತೀನಿ. ನೀನು ಹೋಗಿ ಓದು” ಅಂದೆ. ಉಳಿದ ಮೂರು ಮಕ್ಕಳು ಮುಂದಿನ ವಾರವೂ ಹೋದವು. ಅವರ ಅಪ್ಪ ಅಮ್ಮ ದಾರಿಯಲ್ಲಿ ಸಿಕ್ಕರೆ ನನ್ನನ್ನ ಮಾತಾಡಿಸ್ತಿರಲಿಲ್ಲ. ಗೌರಮ್ಮನಿಗೆ ಮೊಮ್ಮಗಳು ಮುಂದೆ ಬರೋದು ಬೇಕಿಲ್ಲ ಅಂತ ಹೇಳಿಕೊಂಡು ತಿರುಗಿದರು.

ಹತ್ತನೇ ಪರೀಕ್ಷೆಯಲ್ಲಿ ಸ್ವಂತವಾಗಿ ಬರೆಯೋ ಜಾಗವನ್ನ ಅವಳು ತುಂಬಿಸಿ ಬಂದಳು. ಇಂಗ್ಲಿಷಿನಲ್ಲಿ ಪಾಸು. ದೊಡ್ಡ ಪಾಸೇನಲ್ಲ, ಹೊಸಿಲು ದಾಟಿದ ಹಾಗೆ. ನಾವು ಗೋಣಿಕೊಪ್ಪಲಿಗೆ ಬಂದೆವು, ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಗೆ ಸೇರಿದೆ. ಚೈತ್ರ ಪಿಯುಸಿ ಮುಗಿಸಿ ಈಗ ನರ್ಸಿಂಗ್ ಓದ್ತಿದ್ದಾಳೆ. ಪುಸ್ತಕ ಒಂದೊಂದೂ ಇಟ್ಟಿಗೆ. ಫೋನಿನಲ್ಲಿ ಅಳ್ತಾಳೆ, ಅತ್ತು ಮತ್ತೆ ಓದ್ತಾಳೆ. ಆ ಸಾಕ್ಸಿನ ಮಾತನ್ನ ನನಗೆ ಬಾಯಿಪಾಠ ಮಾಡಿಸಿದ್ದೂ ಅವಳೇ, ಮೊದಲ ಸಲ ಊರಿಗೆ ಬಂದಾಗ. “ನಿನಗೂ ಒಂದು ಇಂಗ್ಲಿಷ್ ಇರಲಿ” ಅಂತ.

ಅದು ಅವತ್ತು ಕಕ್ಕಬೆಯ ಅಂಗಡಿ ಜಗಲಿಯಲ್ಲಿ ಕೆಲಸಕ್ಕೆ ಬಂತು. ನಶ್ಯದ ಪೊಟ್ಟಣ ಹಿಡಿದ ಆ ಎರಡು ಮಕ್ಕಳನ್ನ ಹತ್ತಿರ ಕರೆದೆ.

“ಅಲ್ಲಿ ಏನೇನು ಇಂಗ್ಲಿಷ್ ಕಲಿಸಿದ್ದಾರೆ, ಹೇಳಿ ನೋಡೋಣ.”

“ವೆಲ್ಕಮ್ ಸರ್” ಅಂದಳು ಒಬ್ಬಳು. “ಒನ್ ಮಿನಿಟ್ ಸರ್” ಅಂದಳು ಇನ್ನೊಬ್ಬಳು.

“ಪ್ಲೀಸ್ ವೇರ್ ಯುವರ್ ಓನ್ ಸಾಕ್ಸ್ ಸರ್” ಅಂದೆ ನಾನು.

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. “ಅಜ್ಜಿ, ನಿಮಗೆ ಇಂಗ್ಲಿಷ್ ಬರುತ್ತಾ?”

“ಇದೊಂದೇ ಬರೋದು. ನಿಮಗೆ ಬೇಕಾಗಿರೋದೂ ಇದೊಂದೇ. ಹೇಳಿ.”

ಕೊಡೆ ಹಿಡಿದವಳು ನಗ್ತಾ ಹೇಳಿದಳು, ನನಗಿಂತ ಚೆನ್ನಾಗಿ. ಪೊಟ್ಟಣ ಹಿಡಿದವಳು ಹೇಳಲಿಲ್ಲ. “ಬೈತಾರೆ ಅಜ್ಜಿ” ಅಂದಳು.

“ಬೈಯಲಿ. ಬೈಗುಳವೂ ಇಂಗ್ಲಿಷಿನಲ್ಲೇ ಇರುತ್ತಲ್ಲ, ಅದನ್ನೂ ಕಲಿತುಕೊ.”

ಬಸ್ಸು ಬಂತು. ಪೊಟ್ಟಣದವಳ ತುಟಿ ಅಲ್ಲಾಡಿತು, ಮಳೆ ಸದ್ದಿಗೆ ನನಗೆ ಕೇಳಿಸಲಿಲ್ಲ. “ಜೋರಾಗಿ ಹೇಳೇ” ಅಂದೆ. ಡ್ರೈವರು ಹಾರನ್ ಹೊಡೀತಾನೇ ಇದ್ದ. ಹೊಡೀಲಿ ಅಂತ ನಾನು ಹತ್ತದೆ ನಿಂತೆ.